ಗೀಜಗನ ಗೂಡು: ನೋಟ್ಸ್‌ನಲ್ಲಿ ಬಿಟ್ಟುಹೋಗೋ ಹೆಲ್ಮೆಟ್ ಹಂತ

ಹೋದ ಭಾನುವಾರ ಹೆಸರಘಟ್ಟದ ಕಡೆ ಹೋದಾಗ ಜಾಲಿ ಮರದ ಕೆಳಗೆ ಗಾಳಿಗೆ ಬಿದ್ದಿದ್ದ ಹಳೇ ಖಾಲಿ ಗೂಡೊಂದು ಸಿಕ್ತು, ಅದನ್ನ ತಿರುಗಿಸಿ ತಿರುಗಿಸಿ ನೋಡ್ತಾ ಬರ್ಕೊಂಡಿದ್ದು ಇದು.

ಗಂಡು ಗೂಡು ಕಟ್ಟುತ್ತೆ, ಹೆಣ್ಣು ಮೊಟ್ಟೆ ಇಡುತ್ತೆ ಅಂತ ಹಕ್ಕಿ ನೋಡೋ ನಾವು ನೋಟ್ಸ್‌ನಲ್ಲಿ ಒಂದೇ ಲೈನಲ್ಲಿ ಮುಗಿಸಿಬಿಡ್ತೀವಿ, ಆದ್ರೆ ಅಸಲಿ ವಿಷಯ ಇರೋದು ಅದರ ಮಧ್ಯದಲ್ಲಿ.

ಮುಂಗಾರು ಹಿಡಿದು ಹುಲ್ಲು ಎದ್ದ ಮೇಲೆ ಗಂಡಿನ ನೆತ್ತಿ ಅರಿಶಿನದ ಹಾಗೆ ಹಳದಿ ಆಗುತ್ತೆ, ಮುಖ ಕಂದು. ಉಳಿದ ದಿನ ಗಂಡೂ ಹೆಣ್ಣೂ ಹೆಣ್ಣು ಗುಬ್ಬಚ್ಚಿ ಥರಾನೇ. ಹುಲ್ಲಿನ ಎಲೆ, ಭತ್ತದ ಎಲೆ, ತೆಂಗಿನ ಗರಿಯ ಬುಡದ ಹತ್ರ ಕೊಕ್ಕಲ್ಲಿ ಒಂದು ಗೀರು ಹಾಕಿ, ಅಂಚು ಕಚ್ಚಿಕೊಂಡು ಹಾರಿಬಿಡುತ್ತೆ, ಉದ್ದನೆ ಪಟ್ಟಿ ತಾನಾಗೇ ಸೀಳಿ ಬರುತ್ತೆ. ಅದರಲ್ಲೇ ಗಂಟು ಹಾಕಿ ಮೊದಲು ಒಂದು ಉಂಗುರ, ಆಮೇಲೆ ಮೇಲಿನ ಗುಮ್ಮಟ. ಇದೇ ಹೆಲ್ಮೆಟ್ ಹಂತ, ಸುಮಾರು 8 ದಿನದ ಕೆಲಸ.

ಇಲ್ಲಿಗೆ ಕೆಲಸ ನಿಲ್ಲುತ್ತೆ! ಗಂಡು ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿದು ಕೂಗುತ್ತೆ, ಹೆಣ್ಣು ಬಂದು ಒಳಗೆ ಹೊಕ್ಕು ನೋಡುತ್ತೆ, ಒಪ್ಪಿದ್ರೆ ಮಾತ್ರ ಒಂದು ಕಡೆ ಮೊಟ್ಟೆ ಇಡೋ ಬಟ್ಟಲು, ಇನ್ನೊಂದು ಕಡೆ ಕೆಳಮುಖದ ಕೊಳವೆ ಪೂರ್ತಿ ಆಗುತ್ತೆ. ಒಪ್ಪದಿದ್ರೆ ಆ ಗೂಡು ಅರ್ಧಕ್ಕೇ ಉಳಿಯುತ್ತೆ. ಪೂರ್ತಿ ಗೂಡಿಗೆ ಸುಮಾರು 18 ದಿನ, ನಾಲ್ಕು ಸಾವಿರದವರೆಗೂ ಪಟ್ಟಿ, ಐನೂರು ಸಲ ಓಡಾಟ.

ಹೆಣ್ಣು 2ರಿಂದ 4 ಬಿಳಿ ಮೊಟ್ಟೆ ಇಡುತ್ತೆ, 14ರಿಂದ 17 ದಿನ ಕಾವು ಕೊಡೋದು ತಾನೊಬ್ಬಳೇ, ಅಷ್ಟರಲ್ಲಿ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡಿರುತ್ತೆ, ಯಾಕಂದ್ರೆ ಒಂದು ಸೀಸನ್‌ಗೆ ಒಂದೇ ಜೋಡಿ ಅನ್ನೋದು ಅದಕ್ಕಿಲ್ಲ. 1930ರ ಹೊತ್ತಿಗೆ ಪಕ್ಷಿತಜ್ಞ ಸಲೀಂ ಅಲಿ ಗಮನಿಸಿ ಬರೆದದ್ದೂ ಇದನ್ನೇ.

ಮುಳ್ಳಿನ ಮರ, ಕೆಳಗೆ ನೀರು ಅಥವಾ ಹಾಳು ಬಾವಿ ಇದ್ರೆ ಹಾವು ಏರೋದು ಕಷ್ಟ. ಮರದ ಪೂರ್ವ ದಿಕ್ಕಿಗೇ ಗೂಡು ಜಾಸ್ತಿ ಇರ್ತವೆ, ಮಳೆಗಾಳಿ ನೈಋತ್ಯದಿಂದ ಬರುತ್ತಲ್ಲ ಅದಕ್ಕೆ.

ನಮ್ಮಜ್ಜಿ, ಗೀಜಗ ಮಿಂಚುಹುಳ ತಂದು ಕೆಸರಲ್ಲಿ ಅಂಟಿಸಿ ಗೂಡಲ್ಲಿ ದೀಪ ಇಟ್ಕೊಳುತ್ತೆ ಕಣೋ ಅಂತಿದ್ರು. ನಂಗೆ ಸಿಕ್ಕಿದ ಗೂಡಿನ ಒಳಗೋಡೆಗೆ ಒಣಗಿದ ಕೆಸರು ಉಂಡೆ ಉಂಡೆ ಮೆತ್ತಿತ್ತು, ಉಗುರಲ್ಲಿ ಕೆರೆದ್ರೂ ಬರ್ತಿರ್ಲಿಲ್ಲ, ಹುಳದ ಗುರುತಿರಲಿಲ್ಲ, ಕೆಸರಲ್ಲಿ ಒತ್ತಿದ ಕೊಕ್ಕಿನ ಗೀರು ಮಾತ್ರ ಇನ್ನೂ ಹಾಗೇ ಇತ್ತು.