ಮಗುವಿನ ಕಿವಿ ಟೆಸ್ಟ್ ಮಾಡುವಾಗ ನಡಿಗೆ ಬಗ್ಗೆ ಯಾಕೆ ಕೇಳ್ತೀವಿ

ಮನೇಲಿ ಮಾಡೋ ಕಿವಿ ಟೆಸ್ಟ್ ಎಲ್ಲರಿಗೂ ಗೊತ್ತಿರೋದೇ, ಮಗು ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟೋದು ಇಲ್ಲ ತಟ್ಟೆ ಬಡಿಯೋದು, ಅದು ತಿರುಗಿ ನೋಡಿದ್ರೆ ಕಿವಿ ಚೆನ್ನಾಗಿದೆ ಅಂತ ಸುಮ್ಮನಾಗೋದು. ದಯವಿಟ್ಟು ಇದೊಂದನ್ನೇ ನಂಬಬೇಡಿ. ಮಗು ನಿಮ್ಮ ನೆರಳು ನೋಡಿ ತಿರುಗಿರಬಹುದು, ನೆಲ ಅದುರಿದ್ದು ಗೊತ್ತಾಗಿರಬಹುದು, ಪೂರ್ತಿ ಕಿವಿ ಕೇಳದ ಮಕ್ಕಳು ಕಣ್ಣಲ್ಲಿ ಎಷ್ಟು ಚುರುಕಿರ್ತಾರೆ ಅಂದ್ರೆ ಅಪ್ಪ ಅಮ್ಮನಿಗೇ ತಿಂಗಳುಗಟ್ಟಲೆ ಅನುಮಾನ ಬರಲ್ಲ. ಇನ್ನು ಕೆಲವು ಮಕ್ಕಳಿಗೆ ದಪ್ಪ ಸದ್ದೆಲ್ಲ ಕೇಳುತ್ತೆ, ಬಾಗಿಲು ಬಡಿದ್ರೆ ಬೆಚ್ಚಿ ಬೀಳ್ತಾರೆ, ಆದ್ರೆ ಸ, ಶ ಥರದ ಸಣ್ಣ ಚೂಪು ಸದ್ದು ಕೇಳಲ್ಲ, ಹಾಗಾಗಿ ಮಾತು ಅರ್ಧಂಬರ್ಧ ಬರುತ್ತೆ, ಮನೆಯವರು 'ಮಾತು ಲೇಟು ಅಷ್ಟೇ, ಬರುತ್ತೆ ಬಿಡಿ' ಅಂತ ಕಾಯ್ತಾರೆ. ಒಂದೇ ಕಿವಿ ಹೋಗಿದ್ರಂತೂ ಕರೆದಾಗ ಮಗು ತಿರುಗೇ ತಿರುಗುತ್ತೆ, ಆದ್ರೆ ಎಷ್ಟೋ ಸಲ ತಪ್ಪು ದಿಕ್ಕಿಗೆ ತಿರುಗುತ್ತೆ, ಅದನ್ನ ಗಮನಿಸೋರು ಕಡಿಮೆ.

ಹುಟ್ಟಿದ ಮಗುಗೆ ಮೊದಲು ಮಾಡೋದು ಒಎಇ, ಕಿವೀಲಿ ಸಣ್ಣ ಪ್ರೋಬ್ ಇಟ್ಟು ಸದ್ದು ಕಳಿಸಿದ್ರೆ ಒಳಕಿವಿಯ ಕೂದಲು ಕೋಶಗಳು, ಅಂದ್ರೆ ಸದ್ದು ಹಿಡಿಯೋ ಸೂಕ್ಷ್ಮ ಕೋಶಗಳು, ವಾಪಸ್ ಒಂದು ಸಣ್ಣ ಸದ್ದು ಕೊಡುತ್ತೆ, ಅದನ್ನ ಮಷಿನ್ ಹಿಡಿಯುತ್ತೆ. ಈ ಸದ್ದನ್ನ ಡೇವಿಡ್ ಕೆಂಪ್ ಅನ್ನೋ ವಿಜ್ಞಾನಿ 1978ರಲ್ಲಿ ತೋರಿಸಿಕೊಟ್ಟರು. ರಿಪೋರ್ಟಲ್ಲಿ 'ರೆಫರ್' (ಪಾಸ್ ಆಗಿಲ್ಲ, ಮತ್ತೆ ಟೆಸ್ಟ್ ಬೇಕು) ಅಂತ ಬಂದ ತಕ್ಷಣ ಮಗು ಕಿವುಡು ಅಂತ ಅಲ್ಲ, ಹೆರಿಗೆ ಟೈಮಲ್ಲಿ ಕಿವಿ ಒಳಗೆ ಸೇರಿದ ಕಸ, ಮಧ್ಯಕಿವಿಲಿ ಉಳಿದ ನೀರು ಇದ್ರೂ ಹಾಗೆ ಬರುತ್ತೆ, ಆದ್ರೆ ಅದೇ ನೆಪ ಹೇಳಿಕೊಂಡು ಮತ್ತೆ ಟೆಸ್ಟ್ ಮಾಡಿಸದೇ ಇರೋದು ತುಂಬಾ ದೊಡ್ಡ ನಷ್ಟ. ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಕಿವಿಗೆ ಹಾಕೋ ಮಷಿನ್ ಆಗಲಿ ತರಬೇತಿ ಆಗಲಿ ಶುರು, ಇದು ನಾವು ಹಿಡಿದು ನಡೆಯೋ ಲೆಕ್ಕ.

ಒಎಇ ಪಾಸ್ ಆದ್ರೂ ನನಗೆ ಪೂರ್ತಿ ನೆಮ್ಮದಿ ಬರಲ್ಲ, ಅದರಲ್ಲೂ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ಐಸಿಯು) ಇದ್ದು ಬಂದ ಮಗು, ಜಾಂಡೀಸ್ ಜಾಸ್ತಿ ಆಗಿ ರಕ್ತ ಬದಲಾಯಿಸಿದ ಮಗು ಆದ್ರೆ. ಯಾಕಂದ್ರೆ ಕೆಲವು ಮಕ್ಕಳಲ್ಲಿ ಕೂದಲು ಕೋಶ ಕೆಲಸ ಮಾಡ್ತಿರುತ್ತೆ, ಆದ್ರೆ ಅಲ್ಲಿಂದ ನರದ ಮೂಲಕ ಮೆದುಳಿಗೆ ಹೋಗೋ ಸಿಗ್ನಲ್ ಚೆಲ್ಲಾಪಿಲ್ಲಿ ಆಗುತ್ತೆ, ಆಡಿಟರಿ ನ್ಯೂರೋಪತಿ ಅಂತೀವಿ. ಇದು ಸಿಗೋದು ಬೆರಾ ಟೆಸ್ಟಲ್ಲಿ, ಮಗು ನಿದ್ದೆ ಮಾಡ್ತಿರುವಾಗ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ನರದ ಅಲೆ ನೋಡೋದು. ಹಾಗೆಯೇ ಗರ್ಭದಲ್ಲಿ ಸಿಎಂವಿ ವೈರಸ್ ತಗುಲಿದ್ರೆ ಹುಟ್ಟಿದಾಗ ಸರಿ ಇದ್ದ ಕಿವಿ ಆಮೇಲೆ ಕೆಡಬಹುದು, ಆ ಮಕ್ಕಳನ್ನ ವರ್ಷಗಟ್ಟಲೆ ನೋಡ್ತಾ ಇರಬೇಕು. ಒಂದು ಟೆಸ್ಟಿನ ಉತ್ತರಾನ ಇನ್ನೊಂದು ಟೆಸ್ಟಿಂದ ತಾಳೆ ನೋಡದೆ ಒಪ್ಪಬಾರದು ಅಂತ ಜರ್ಗರ್ ಮತ್ತು ಹೇಯ್ಸ್ ಅನ್ನೋ ಇಬ್ಬರು ಶ್ರವಣ ತಜ್ಞರು 1976ರಲ್ಲೇ ಬರೆದರು, ಮಕ್ಕಳ ಆಡಿಯಾಲಜಿ, ಅಂದ್ರೆ ಶ್ರವಣ ವಿಜ್ಞಾನ, ಇವತ್ತಿಗೂ ನಿಂತಿರೋದು ಅದರ ಮೇಲೆ.

ಆರು ತಿಂಗಳು ದಾಟಿದ ಮೇಲೆ ಮಗುನೇ ಉತ್ತರ ಕೊಡುತ್ತೆ, ಸದ್ದು ಬಂದ ಕಡೆ ತಿರುಗಿದ್ರೆ ಲೈಟ್ ಹತ್ತಿ ಕುಣಿಯೋ ಗೊಂಬೆ ಕಾಣುತ್ತೆ. ಎರಡೂವರೆ ವರ್ಷದ ಹೊತ್ತಿಗೆ ಸದ್ದು ಕೇಳಿದಾಗಲೆಲ್ಲ ಒಂದು ಬ್ಲಾಕ್ ಡಬ್ಬಕ್ಕೆ ಹಾಕೋ ಆಟ. ಇಲ್ಲಿ ವಯಸ್ಸು ಅಂದ್ರೆ ಬೆಳವಣಿಗೆಯ ವಯಸ್ಸು, ಬರ್ತ್ ಸರ್ಟಿಫಿಕೇಟ್ ವಯಸ್ಸಲ್ಲ.

ಇನ್ನು ನಡಿಗೆ ವಿಷಯ. ಕೇಳಿಸಿಕೊಳ್ಳೋ ಕಾಕ್ಲಿಯಾ, ಬ್ಯಾಲೆನ್ಸ್ ನೋಡ್ಕೊಳ್ಳೋ ಮೂರು ಅರೆವೃತ್ತ ನಾಳ ಮತ್ತೆ ಎರಡು ಚೀಲಗಳು ಎಲ್ಲಾ ಒಂದೇ ಒಳಕಿವಿಯ ಭಾಗ, ಒಳಗೆ ಹರಿಯೋ ದ್ರವವೂ ಒಂದೇ, ಹಾಗಾಗಿ ಶ್ರವಣ ಕೆಡಿಸಿದ್ದು ಬ್ಯಾಲೆನ್ಸನ್ನೂ ಕೆಡಿಸಿರಬಹುದು. ಆದ್ರೂ ಕಿವಿ ಕೇಳದ ಮಗುವಿನ ಫೈಲಲ್ಲಿ ಬ್ಯಾಲೆನ್ಸ್ ಬಗ್ಗೆ ಒಂದು ಸಾಲೂ ಇರಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರಿನ ವಿಷಯ. ನಾನು ಮೊದಲು ಕೇಳೋದೇ ಇದು, ಕತ್ತು ಯಾವಾಗ ನಿಂತಿತು, ಯಾವಾಗ ಕೂತ್ಕೊಂಡ, ಆಸರೆ ಇಲ್ಲದೆ ನಡೆದಿದ್ದು ಯಾವಾಗ. ಹದಿನೆಂಟು ತಿಂಗಳಾದ್ರೂ ನಡೆಯದ, ಹುಟ್ಟಿನಿಂದ ಕಿವಿ ಕೇಳದ ಮಗುನ ನೋಡಿದ್ರೆ 'ದಪ್ಪ ಇದಾನೆ, ಸೋಮಾರಿ' ಅಂತ ತಳ್ಳಿಹಾಕಬೇಡಿ. ಕಿವಿ ಕಣ್ಣು ಎರಡನ್ನೂ ಕೆಡಿಸೋ ಅಶರ್ ಸಿಂಡ್ರೋಮ್ ಅನ್ನೋ ವಂಶವಾಹಿ ಕಾಯಿಲೆಯ ಒಂದನೇ ವಿಧದಲ್ಲಿ ಹೀಗೇ ಇರುತ್ತೆ, ಮುಂದೆ ಅದೇ ಮಗುಗೆ ಕತ್ತಲಲ್ಲಿ ಕಣ್ಣು ಕಾಣದೆ ಹೋಗುತ್ತೆ, ಮೊದಲೇ ಗೊತ್ತಾದ್ರೆ ಕಣ್ಣಿನ ಡಾಕ್ಟರು, ಜೆನೆಟಿಕ್ ಟೆಸ್ಟು, ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸೋ ಶ್ರವಣ ಸಾಧನ) ಎಲ್ಲದಕ್ಕೂ ಟೈಮ್ ಸಿಗುತ್ತೆ.

ಪರೀಕ್ಷೆ ಮಾಡೋಕೆ ದೊಡ್ಡ ಮಷಿನೇ ಬೇಕು ಅಂತಿಲ್ಲ. ಐದು ವರ್ಷದ ಮಗು ಒಂಟಿ ಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ, ಮೆತ್ತನೆ ಫೋಮ್ ಮೇಲೆ ಕಣ್ಣು ಮುಚ್ಚಿ ನಿಂತ್ರೆ ಬೀಳುತ್ತಾ, ಇಷ್ಟರಲ್ಲೇ ಬೇಕಾದಷ್ಟು ಸುಳಿವು ಸಿಗುತ್ತೆ. ಕಣ್ಣು ಬಿಟ್ಟಾಗ ಚೆನ್ನಾಗೇ ಓಡಾಡೋ ಮಗು ಕತ್ತಲಲ್ಲಿ, ಮರಳಿನ ಮೇಲೆ ತಡವರಿಸಿದ್ರೆ ಅದು ಕಣ್ಣಿನಿಂದ ಬ್ಯಾಲೆನ್ಸ್ ಮಾಡ್ಕೊಳ್ತಿದೆ ಅಂತ. ಆಮೇಲೆ ವಿಎಚ್‌ಐಟಿ ಮಾಡ್ತೀವಿ, ತಲೆನ ಚಕ್ ಅಂತ ಸ್ವಲ್ಪ ತಿರುಗಿಸಿ ಕಣ್ಣು ಗುರಿ ಮೇಲೇ ನಿಲ್ಲುತ್ತಾ ಅಂತ ಕ್ಯಾಮೆರಾದಲ್ಲಿ ನೋಡೋದು, ಸದ್ದು ಕೊಟ್ಟು ಬ್ಯಾಲೆನ್ಸ್ ಚೀಲದ ಉತ್ತರಾನ ಕುತ್ತಿಗೆ ಸ್ನಾಯುವಿಂದ ತೆಗೆಯೋ ವೆಂಪ್ ಟೆಸ್ಟಂತೂ ಕೂಸುಗಳಲ್ಲೂ ಆಗುತ್ತೆ. ಎರಡೂ ಕಡೆ ಬ್ಯಾಲೆನ್ಸ್ ಹೋಗಿರೋ ಮಗುನ ಈಜೋಕೆ ಬಿಡೋ ಮುಂಚೆ ಸಾವಿರ ಸಲ ಯೋಚಿಸಿ, ನೀರೊಳಗೆ ಮೇಲೆ ಯಾವುದು ಕೆಳಗೆ ಯಾವುದು ಅನ್ನೋದೇ ಅದಕ್ಕೆ ತಿಳಿಯದೆ ಹೋಗಬಹುದು, ಒಂಟಿಯಾಗಿ ಬಿಡಲೇಬಾರದು.

ತಲೆಸುತ್ತು ಅಂತ ಬರೋ ಮಕ್ಕಳದ್ದು ಬೇರೆ ಕಥೆ. ದೊಡ್ಡವರ ಥರ ಒಳಕಿವಿಯ ಬ್ಯಾಲೆನ್ಸ್ ಚೀಲದ ಸಣ್ಣ ಹರಳು ಜಾರಿ ತಲೆ ಸುತ್ತೋದು ಇವರಲ್ಲಿ ಅಪರೂಪ, ಹೆಚ್ಚಾಗಿ ಕಾಣೋದು ಮೈಗ್ರೇನ್ ಸಂಬಂಧದ್ದು. ಎರಡು ಮೂರು ವರ್ಷದ ಮಗುಗೆ ತಲೆ ತಿರುಗುತ್ತೆ ಅಂತ ಹೇಳೋಕೆ ಬರಲ್ಲ, ಇದ್ದಕ್ಕಿದ್ದಂತೆ ಬಿಳಿಚಿಕೊಂಡು ಅಮ್ಮನ ಕಾಲು ತಬ್ಬಿಕೊಳ್ಳುತ್ತೆ, ವಾಂತಿ ಮಾಡುತ್ತೆ, ಸ್ವಲ್ಪ ಹೊತ್ತಿಗೆ ಏನೂ ಆಗದ ಹಾಗೆ ಆಡೋಕೆ ಹೋಗುತ್ತೆ. ಅಂಥ ಹೊತ್ತಲ್ಲಿ ಮಗುನ ಹಿಡ್ಕೊಂಡು ಮೊಬೈಲಲ್ಲಿ ಕಣ್ಣಿನ ಹತ್ತಿರದ ವಿಡಿಯೋ ತೆಗೀರಿ, ಕಣ್ಣುಗುಡ್ಡೆ ಅದುರೋದು ಕಂಡ್ರೆ ನಮಗೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಆದ್ರೆ ಬೆಳಗ್ಗೆ ಎದ್ದ ಕೂಡಲೇ ತಲೆನೋವು ವಾಂತಿ, ನಡಿಗೆ ದಿನೇ ದಿನೇ ಓಲಾಡ್ತಾ ಹೋಗೋದು ಇದ್ರೆ ಕಿವಿ ಟೆಸ್ಟಿಗೆ ಕಾಯಬೇಡಿ, ಅವತ್ತೇ ಮಕ್ಕಳ ಡಾಕ್ಟರ ಹತ್ರ ಹೋಗಿ. ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಆಗಿ ಗುಣವಾದ ಮಗುಗೂ ಅಷ್ಟೇ ಅವಸರ, ಒಳಕಿವಿ ಕೆಲವೇ ವಾರದಲ್ಲಿ ಮೂಳೆ ಕಟ್ಟಿಕೊಳ್ಳೋಕೆ ಶುರುವಾಗಬಹುದು, ಆಮೇಲೆ ಇಂಪ್ಲಾಂಟ್ ಹಾಕೋದು ಕಷ್ಟ, ಹಾಗಾಗಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗೋ ಮುಂಚೆಯೇ ಕಿವಿ ಪರೀಕ್ಷೆ ಆಗಬೇಕು ಅಂತ ಕೇಳಿ.