ನಾರು ಕರಗದಿದ್ದರೆ ಸೈಲೇಜ್ ಹಾಕಿಯೂ ಹಾಲಿಲ್ಲ

ಶಿರಾಡಿ ಘಾಟಿ ಇಳಿದು ಬರುವ ಮೆಕ್ಕೆಜೋಳದ ಸೈಲೇಜ್ (ಕತ್ತರಿಸಿ, ಗಾಳಿಯಾಡದಂತೆ ಕಟ್ಟಿ ಹುಳಿಸಿದ ಹಸಿಮೇವು) ಬೇಲ್‌ಗಳನ್ನು ನಮ್ಮ ಕರಾವಳಿಯ ಹೈನುಗಾರರು ಕೊಳ್ಳುವುದು ಕಿಲೋ ಲೆಕ್ಕದಲ್ಲಿ. ಒಂದು ಲೋಡಿಗೆ ಹಾಲು ಏರುತ್ತದೆ. ಅದೇ ದರದ ಮುಂದಿನ ಲೋಡನ್ನು ದನ ಗೋದಲಿಯಲ್ಲೇ ಅರ್ಧ ಬಿಡುತ್ತದೆ. ಆಗ ಬೈಗುಳ ಬೀಳುವುದು ಹೆಚ್ಚಾಗಿ ಹಿಂಡಿಗೆ. ತಪ್ಪು ಹಲವು ಸಲ ನಾರಿನದು.

ಲ್ಯಾಬ್ ವರದಿಯಲ್ಲಿ ಎನ್‌ಡಿಎಫ್ ಎಂದರೆ ಮೇವಿನ ಒಟ್ಟು ನಾರು. ಎನ್‌ಡಿಎಫ್‌ಡಿ ಎಂದರೆ ಆ ನಾರಿನಲ್ಲಿ ಮೆಲುಕು ಚೀಲದ ಸೂಕ್ಷ್ಮಜೀವಿಗಳು, ಸಾಮಾನ್ಯವಾಗಿ 30 ಗಂಟೆಯಲ್ಲಿ, ಕರಗಿಸುವ ಪಾಲು. ದಿನಕ್ಕೆ 15 ಕಿಲೋ ಸೈಲೇಜ್ ಹಾಕಿದಿರಿ ಅನ್ನಿ. ಒಣ ಅಂಶ ಶೇ 30 ಇದ್ದರೆ ನೀರು ಕಳೆದು ಉಳಿಯುವುದು ನಾಲ್ಕೂವರೆ ಕಿಲೋ, ಅದರಲ್ಲಿ ನಾರು ಸುಮಾರು 2.2 ಕಿಲೋ. ಎನ್‌ಡಿಎಫ್‌ಡಿ ಶೇ 60 ಇರಬೇಕಾದಲ್ಲಿ ಶೇ 50 ಇದ್ದರೆ ನೇರ ನಷ್ಟ 220 ಗ್ರಾಂ. ಇಷ್ಟೇನಾ ಅನ್ನಿಸಬಹುದು. ಆದರೆ ಕರಗದ ನಾರು ಚೀಲದೊಳಗೆ ಜಾಗ ಹಿಡಿದು ಕೂರುತ್ತದೆ. ಹೊಟ್ಟೆ ತುಂಬಿತೆಂದು ಹಸು ತಲೆ ಎತ್ತಿಬಿಡುತ್ತದೆ. ನಿಜವಾದ ಪೆಟ್ಟು ಅದು. ಸಂಶೋಧಕರಾದ ಓಬಾ ಮತ್ತು ಆಲೆನ್ 1999ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಎನ್‌ಡಿಎಫ್‌ಡಿ ಒಂದು ಅಂಕ ಏರಿದಾಗ ಹಸು ದಿನಕ್ಕೆ 0.17 ಕಿಲೋ ಒಣ ಮೇವು ಹೆಚ್ಚು ತಿಂದು, ಶೇ 4 ಕೊಬ್ಬಿನ ಲೆಕ್ಕಕ್ಕೆ 0.25 ಕಿಲೋ ಹಾಲು ಹೆಚ್ಚು ಕೊಟ್ಟಿತ್ತು.

ಈ ಅಂಕಿಯನ್ನು ನಮ್ಮ ಮಿಶ್ರತಳಿಗೆ ಹಾಗೇ ಗುಣಿಸಬೇಡಿ. ದಿನಕ್ಕೆ ಎಂಟು ಲೀಟರ್ ಹಾಲು ಕೊಡುವ ದನದ ಹೊಟ್ಟೆಯಲ್ಲಿ ಜಾಗ ಇದ್ದೇ ಇರುತ್ತದೆ, ಅದಕ್ಕೆ ಸಾಧಾರಣ ಸೈಲೇಜ್ ಸಾಕು. ಒಳ್ಳೆಯ ಬೇಲ್ ಕರು ಹಾಕಿ ಮೂರು ತಿಂಗಳೊಳಗಿನ, 15 ಲೀಟರಿಗೆ ಮೇಲ್ಪಟ್ಟ ಹಸುವಿಗೆ ಇರಲಿ.

ನಾರು ಗಟ್ಟಿಯಾಗುವುದು ಗಿಡಕ್ಕೆ ಕಟ್ಟಿಗೆಯ ಬಿಗಿ ಕೊಡುವ ಲಿಗ್ನಿನ್‌ನಿಂದ. ತಳಿ, ಬೆಳೆಯುವಾಗಿನ ಬಿಸಿಲು, ಕಟಾವಿನ ಹೊತ್ತು ಮೂರೂ ಸೇರಿ ಅದನ್ನು ನಿರ್ಧರಿಸುತ್ತವೆ. ಕಾಳಿನ ಹಾಲುಗೆರೆ (ಗಟ್ಟಿಯಾದ ಭಾಗಕ್ಕೂ ಹಾಲಿನಂಥ ಭಾಗಕ್ಕೂ ನಡುವಿನ ಗೆರೆ) ಅರ್ಧದಿಂದ ಮೂರನೇ ಎರಡು ಭಾಗ ಇಳಿದಾಗ ಕೊಯ್ದರೆ ಚೆನ್ನ. ಬುಡಕ್ಕೇ ಕೊಯ್ದರೆ ತೂಕ ಬರುತ್ತದೆ, ಜೊತೆಗೆ ಕಟ್ಟಿಗೆಯಂಥ ದಂಟೂ ಬರುತ್ತದೆ. ಬೇಲ್ ಹಳೆಯದಾದಷ್ಟೂ ನಾರು ಮೆತ್ತಗಾಗುತ್ತದೆ ಎಂಬ ಮಾತಿದೆ. ತಿಂಗಳುಗಟ್ಟಲೆ ಇಟ್ಟರೆ ಸುಲಭವಾಗಿ ಜೀರ್ಣವಾಗುವಂತಾಗುವುದು ಕಾಳಿನ ಪಿಷ್ಟ, ನಾರು ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ.

ಕಣ್ಣಳತೆಯಲ್ಲಿ ಎನ್‌ಡಿಎಫ್‌ಡಿ ಹೇಳಲಾಗದು, ಅದಕ್ಕೆ ಲ್ಯಾಬೇ ಬೇಕು. ಆದರೂ ಲೋಡ್ ಇಳಿಯುವಾಗ ಒಂದು ಹಿಡಿ ತೆಗೆದು ಹಿಂಡಿ. ಬೆರಳ ಸಂದಿಯಿಂದ ರಸ ತೊಟ್ಟಿಕ್ಕಿದರೆ ನೀವು ನೀರಿಗೆ ಹಣ ಕೊಡುತ್ತಿದ್ದೀರಿ. ಅಂಗೈ ಬಿಚ್ಚಿದಾಗ ಉಂಡೆ ನಿಧಾನವಾಗಿ ಬಿರಿದರೆ ಹದ ಸರಿ. ತಟ್ಟನೆ ಉದುರಿ, ದಂಟಿನ ಚೂರು ಕಡ್ಡಿಯಂತೆ ಚುಚ್ಚಿದರೆ ಬಲಿತ ಬೆಳೆ. ಹೊಸ ಲೋಡ್ ಶುರುಮಾಡಿ ಹತ್ತು ದಿನಕ್ಕೆ ಒಂದು ಬೊಗಸೆ ಸಗಣಿಯನ್ನು ಹಳೆಯ ಜರಡಿಯಲ್ಲಿಟ್ಟು ನೀರು ಬಿಡಿ. ಅರ್ಧ ಇಂಚಿಗಿಂತ ಉದ್ದದ ದಂಟಿನ ಚೂರುಗಳು ರಾಶಿ ಉಳಿದರೆ ನಾರು ಕರಗುತ್ತಿಲ್ಲ. ಇಡೀ ಕಾಳು ಉಳಿದರೆ ಅದು ಬೇರೆ ದೂರು, ಕತ್ತರಿಸುವಾಗ ಕಾಳು ಒಡೆದಿಲ್ಲ.

ಡೈರಿಯ ಚೀಟಿಯೂ ಸುಳಿವು ಕೊಡುತ್ತದೆ. ಗಟ್ಟಿ ನಾರಿನಿಂದ ತಿನ್ನುವುದು ಕಡಿಮೆಯಾದರೆ ಕೊಬ್ಬು ನಿಂತಲ್ಲೇ ನಿಂತು, ಹಾಲಿನ ಅಳತೆ ಮತ್ತು ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶವಾದ ಎಸ್‌ಎನ್‌ಎಫ್ ಇಳಿಯುತ್ತವೆ. ಆಗ ಹಿಂಡಿ ಏರಿಸುವ ಮೊದಲು ಬೈಹುಲ್ಲು ಒಂದು ಕಿಲೋ ಇಳಿಸಿ. ಅದರಿಂದಲೇ ಆರುನೂರು ಗ್ರಾಂ ನಾರಿನ ಜಾಗ ಖಾಲಿಯಾಗುತ್ತದೆ. ಉಲ್ಟಾ ಆಗಿ, ಸಗಣಿ ತೆಳ್ಳಗಾಗಿ ಕೊಬ್ಬು ಬಿದ್ದರೆ ಬೈಹುಲ್ಲು ಒಂದು ಕಿಲೋ ಏರಿಸಿ. ನಾರು ಸಾಕಷ್ಟಿದ್ದರೆ ಮಲಗಿದ ದನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಸೈಲೇಜ್‌ನಲ್ಲಿ ಪ್ರೊಟೀನ್ ಒಣ ಅಂಶದ ಶೇ 8ರ ಆಸುಪಾಸು ಮಾತ್ರ, ಹಾಗಾಗಿ ನೆಲಗಡಲೆ ಹಿಂಡಿ, ಖನಿಜ ಮಿಶ್ರಣ ತಪ್ಪಿಸುವಂತಿಲ್ಲ.

ನಮ್ಮ ಸೆಕೆಗೆ ಬಿಚ್ಚಿದ ಬೇಲ್ ಎರಡು ದಿನದಲ್ಲಿ ಮುಗಿಯಬೇಕು. ಎರಡು ಹಸುವಿನ ಹಟ್ಟಿಗೆ 50–60 ಕಿಲೋದ್ದು ಸರಿ. ಕಾಗೆ ಕುಕ್ಕಿದ, ಇಲಿ ಕೊರೆದ ತೂತಿಗೆ ಅಂದೇ ಟೇಪ್ ಹಚ್ಚಿ. ಬೂಸ್ಟು ಹಿಡಿದ ಬೇಲನ್ನು ಮೇಲಿಂದ ಕೆರೆದು ಹಾಕುವುದೂ ಬೇಡ: ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್ ಹಾಲಿಗೆ ಇಳಿಯುತ್ತದೆ, ಹಾಲಿನಲ್ಲಿ ಕಾಣುವ ಅದರ ರೂಪವಾದ ಎಂ1ಗೆ ಕಾನೂನಿನ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಮಳೆಗಾಲದಲ್ಲಿ ಘಾಟಿ ಬಂದ್ ಆಗುವ ಮೊದಲೇ ಹತ್ತು ದಿನದ ದಾಸ್ತಾನು ಇಟ್ಟುಕೊಳ್ಳಿ. ಹೊಸ ಲೋಡನ್ನು ಹಳೆಯದರೊಂದಿಗೆ ಏಳೆಂಟು ದಿನ ಬೆರೆಸಿ ಹಾಕಲು ಅದೇ ಬೇಕಾಗುತ್ತದೆ.