ಹುಲಿ, ತೋಳ ಮತ್ತು ಸೆಕ್ಷನ್ 11: ದನ ಹೋದರೆ ಕಾನೂನು ಏನು ಹೇಳುತ್ತದೆ?

ಅರಣ್ಯ ಇಲಾಖೆಯ ಪರೀಕ್ಷೆಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಪ್ರಶ್ನೆ ಇಷ್ಟೇ: ಊರಿನ ಹತ್ತಿರ ತೋಳಗಳು ಜಾಸ್ತಿಯಾಗಿ ಕುರಿ ಹಿಡಿಯುತ್ತಿವೆ. ಅವುಗಳನ್ನು ಕಡಿಮೆ ಮಾಡಲು ಯಾರು ಅನುಮತಿ ಕೊಡಬಹುದು?

ನಮ್ಮ ಕೊಡಗಿನಲ್ಲಿ ತೋಳದ ಕಾಟವಿಲ್ಲ. ಅದು ಬಯಲುಸೀಮೆಯ ಕುರುಚಲು ಕಾಡಿನ ಪ್ರಾಣಿ. ಕೊಪ್ಪಳದ ಬಂಕಾಪುರ, ಮಂಡ್ಯದ ಮೇಲುಕೋಟೆ ಕಡೆಯ ಕುರಿಗಾಹಿಗಳು ಅದನ್ನು ಬಲ್ಲರು. ನಮಗಿರುವುದು ಹುಲಿ. ನಾಗರಹೊಳೆ ಅಂಚಿನ ಕುಟ್ಟ, ಶ್ರೀಮಂಗಲ, ಬಾಳೆಲೆಯವರಿಗೆ ಮೇಯಲು ಬಿಟ್ಟ ಹಸು ವಾಪಸ್ ಬಾರದ ಸಂಕಟ ಗೊತ್ತು. ತೋಳ, ಹುಲಿ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲೇ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲೇ ಇವೆ. ಹುಲಿಯನ್ನು ಇಟ್ಟುಕೊಂಡು ಓದಿದರೆ ತೋಳದ ಉತ್ತರವೂ ಸಿಗುತ್ತದೆ.

ಹಳೆಯ ಗೈಡ್ ಓದುವವರು ಒಂದು ಗಮನಿಸಿ. 2022ರ ತಿದ್ದುಪಡಿಯಲ್ಲಿ 6 ಶೆಡ್ಯೂಲ್‌ಗಳು 4 ಆದವು. ಅದು ಜಾರಿಯಾದದ್ದು 2023ರ ಏಪ್ರಿಲ್ 1ರಂದು. ಕಾಡುಹಂದಿ ಈಗ ಶೆಡ್ಯೂಲ್ 2ರಲ್ಲಿದೆ.

ಈಗ ತಲೆ ತಿನ್ನುವ ಜಾಗಕ್ಕೆ ಬರೋಣ. ಯಾವಾಗ ಬೇಟೆಗೆ ಅನುಮತಿ ಕೊಡಬಹುದು ಎಂದು ಹೇಳುವ ಇದೇ ಕಾಯ್ದೆಯ ಸೆಕ್ಷನ್ 11(1)ರಲ್ಲಿ (ಎ), (ಬಿ) ಎಂದು ಎರಡು ಭಾಗ. ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ನಿಧಾನವಾಗಿ ಓದಿ.

(ಎ) ಶೆಡ್ಯೂಲ್ 1ರ ಪ್ರಾಣಿಗೆ. ಅದು ಮನುಷ್ಯರ ಜೀವಕ್ಕೆ ಅಪಾಯವಾಗಿರಬೇಕು, ಇಲ್ಲವೇ ವಾಸಿಯಾಗದಷ್ಟು ಗಾಯ ಅಥವಾ ಕಾಯಿಲೆ ಆಗಿರಬೇಕು. ಆದೇಶ ಕೊಡುವವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು (ಚೀಫ್ ವೈಲ್ಡ್‌ಲೈಫ್ ವಾರ್ಡನ್) ಮಾತ್ರ. ಕಾರಣ ಬರೆದು, ಲಿಖಿತವಾಗಿ ಕೊಡಬೇಕು.

(ಬಿ) ಉಳಿದ ಪ್ರಾಣಿಗಳಿಗೆ, ಅಂದರೆ ಈಗ ಶೆಡ್ಯೂಲ್ 2ಕ್ಕೆ. ಇಲ್ಲಿ ಜೀವದ ಜೊತೆ ಆಸ್ತಿಯೂ ಸೇರುತ್ತದೆ. ಗದ್ದೆಯಲ್ಲಿ ನಿಂತ ಪೈರೂ ಆಸ್ತಿಯೇ. ಪರಿಪಾಲಕರು ಅಧಿಕಾರ ಕೊಟ್ಟ ಅಧಿಕಾರಿಯೂ ಆದೇಶ ಕೊಡಬಹುದು.

ಹಸು, ಕುರಿ ಆಸ್ತಿ ಅಲ್ವಾ? ಹೌದು. ಆದರೆ ಆಸ್ತಿಯ ಮಾತು (ಎ)ಯಲ್ಲಿ ಇಲ್ಲವೇ ಇಲ್ಲ! ಹಾಗಾಗಿ ಬರೀ ದನ ತಿಂದಿತು ಎಂಬ ಕಾರಣಕ್ಕೆ ಹುಲಿಯನ್ನೋ ತೋಳವನ್ನೋ ಕೊಲ್ಲುವ ಆದೇಶ ಈ ಸೆಕ್ಷನ್‌ನಿಂದ ಹುಟ್ಟುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ನನಗೆ ತುಂಬಾ ಇಷ್ಟವಾದದ್ದು. (ಬಿ)ಯಲ್ಲಿ ಪ್ರಾಣಿ ಅಥವಾ ಪ್ರಾಣಿಗಳ ಗುಂಪು ಎಂದಿದೆ. (ಎ)ಯಲ್ಲಿ ಗುಂಪಿಲ್ಲ, ಆ ಒಂದು ಪ್ರಾಣಿ ಮಾತ್ರ. ಸಂಖ್ಯೆ ಹೆಚ್ಚಾಯಿತು ಎಂಬುದು ಅಲ್ಲಿ ಕಾರಣವೇ ಅಲ್ಲ. ಯಾವ ಹುಲಿ ಎಂದು ಮೊದಲು ಗುರುತಿಸಬೇಕು. ಕ್ಯಾಮೆರಾ ಟ್ರ್ಯಾಪ್ ಇಟ್ಟು ಪಟ್ಟೆ ಹೋಲಿಸುವುದು ಇದಕ್ಕೇ. ತೋಳಕ್ಕೆ ಪಟ್ಟೆ ಇಲ್ಲ, ಅಲ್ಲಿ ಈ ಕೆಲಸ ಇನ್ನೂ ಕಷ್ಟ.

ಅಪಾಯ ಸಾಬೀತಾದರೂ ನೇರ ಗುಂಡಿಲ್ಲ. ಹಿಡಿಯಲು, ಅರವಳಿಕೆ ಕೊಡಲು, ಬೇರೆಡೆ ಬಿಡಲು ಆಗುವುದೇ ಇಲ್ಲ ಎಂದು ಖಾತ್ರಿಯಾಗಬೇಕು. 2023ರ ಫೆಬ್ರವರಿಯಲ್ಲಿ ಕುಟ್ಟದ ಬಳಿ ಇಬ್ಬರನ್ನು ಕೊಂದ ಹುಲಿಯನ್ನೂ ಜೀವಂತವಾಗಿಯೇ ಹಿಡಿದರು.

ಸುಮ್ನೆ ಒಂದು ಬೋನು ಇಟ್ಟುಬಿಡೋಣ ಎನ್ನುವಂತೆಯೂ ಇಲ್ಲ. ಸೆಕ್ಷನ್ 2(16)ರ ಪ್ರಕಾರ ಹಿಡಿಯುವುದು, ಉರುಳು ಹಾಕುವುದು, ಆಮಿಷ ಒಡ್ಡುವುದು, ವಿಷ ಇಡುವುದು ಎಲ್ಲವೂ ಬೇಟೆಯೇ. ಪ್ರಯತ್ನಪಟ್ಟರೂ ಬೇಟೆಯೇ. ತೋಟದ ಬೇಲಿಯಲ್ಲಿ ಹಂದಿಗೆಂದು ಹಾಕಿದ ಉರುಳಿಗೆ ಹುಲಿಯೂ ಬೀಳಬಹುದು. ದಯವಿಟ್ಟು ಅದನ್ನು ಯಾರೂ ಹಾಕಬೇಡಿ.

ಕೋವಿ ವಿಷಯ ಕೊಡಗಿನವರು ಕೇಳಿಯೇ ಕೇಳುತ್ತಾರೆ. ಕೊಡವರಿಗೆ, ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿಗೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಪಡೆಯುವುದರಿಂದ ಮಾತ್ರ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಬೇಟೆಗೂ ಅದಕ್ಕೂ ಸಂಬಂಧವಿಲ್ಲ. ಮೈಮೇಲೆ ಬಿದ್ದ ಪ್ರಾಣಿಯಿಂದ ತನ್ನನ್ನೋ ಇನ್ನೊಬ್ಬರನ್ನೋ ಉಳಿಸಲು ಸದುದ್ದೇಶದಿಂದ ಕೊಂದರೆ ಮಾತ್ರ ಸೆಕ್ಷನ್ 11(2)ರ ರಕ್ಷಣೆ ಇದೆ. ಅಲ್ಲೂ ದನದ ಹೆಸರಿಲ್ಲ.

ಸೆಕ್ಷನ್ 62 ಬೇಗ ಮುಗಿಸೋಣ. ಕೇಂದ್ರ ಸರ್ಕಾರ ಪ್ರಾಣಿಯನ್ನು ಉಪದ್ರವಿ (ವರ್ಮಿನ್, ಅಂದರೆ ಬೇಟೆಯಿಂದ ರಕ್ಷಣೆ ಇಲ್ಲದ್ದು) ಎಂದು ಘೋಷಿಸಬಹುದು, ಶೆಡ್ಯೂಲ್ 2ರದ್ದನ್ನು ಮಾತ್ರ. ತೋಳ, ಹುಲಿ ಹೊರಗೆ.

ಹಾಗಾದರೆ ಸಂಖ್ಯೆ ನಿಯಂತ್ರಣಕ್ಕೆ ದಾರಿಯೇ ಇಲ್ಲವೇ? ಸೆಕ್ಷನ್ 12ರಲ್ಲಿ ಇದೆ. ವೈಜ್ಞಾನಿಕ ನಿರ್ವಹಣೆಗೆಂದು ಪ್ರಾಣಿಗಳನ್ನು ಬೇರೆ ಕಾಡಿಗೆ ಸಾಗಿಸಬಹುದು, ಕೊಲ್ಲದೆ ಸಂಖ್ಯೆಯನ್ನು ನಿರ್ವಹಿಸಬಹುದು. ಶೆಡ್ಯೂಲ್ 1ರ ಪ್ರಾಣಿಯಾದರೆ ಕೇಂದ್ರದ ಪೂರ್ವಾನುಮತಿ ಬೇಕು. ಮೊದಲ ಪ್ರಶ್ನೆಗೆ ಉತ್ತರ ಬರೆಯುವಾಗ 11 ಮತ್ತು 12 ಎರಡನ್ನೂ ಹೆಸರಿಸಿ.